ಕಡಿಮೆ ಯೂನಿಟ್ಟಿನ ಚಳಿಗಾಲ

ತಾಮ್ರದ ಕೆಟಲ್ ಹೋದ ಮಾರ್ಚಿನಲ್ಲಿ ಸೆಡ್ರಿಕ್ ಫೆಲ್‌ನ ಮನೆ ಬಿಟ್ಟು ರಸೆಲ್ ಪಿಕ್ಟಾಲ್‌ನ ಮನೆ ಸೇರಿತು. ನೋಡುವವರಿಗೆ ಅದು ಮೂತಿ ಸೊಟ್ಟಗಾದ, ಒಲೆಯ ಮೇಲಿಡಲೂ ಬಾರದ ಹಳೆಯ ಪಾತ್ರೆ. ಆದರೆ ಬ್ಯಾರೋ ಪಟ್ಟಣದ ಸ್ಲೇಟ್ ಬೀದಿಯಲ್ಲಿ ಅದನ್ನು ಗೆಲ್ಲುವುದು ಸಣ್ಣ ಮಾತಲ್ಲ. ಡಿಸೆಂಬರಿನಿಂದ ಫೆಬ್ರವರಿ ಮುಗಿಯುವ ತನಕ ಯಾರ ಮನೆಯ ಕರೆಂಟ್ ಮೀಟರು ತಲೆಗೆ ಅತಿ ಕಡಿಮೆ ಯೂನಿಟ್ ಓಡಿರುತ್ತದೋ ಅವರಿಗೆ ಬೀದಿಯ ಕ್ಲಬ್ಬಿನಲ್ಲಿ ಚಪ್ಪಾಳೆ ತಟ್ಟಿ ಕೆಟಲ್ ಕೊಡುತ್ತಾರೆ. ಸ್ಪರ್ಧೆಯನ್ನು ಹುಟ್ಟುಹಾಕಿದವನು ಸೆಡ್ರಿಕ್. ನಿಯಮಗಳನ್ನು ಮಾಡಿದವನು ಸೆಡ್ರಿಕ್. ವರ್ಷವರ್ಷವೂ ಗೆಲ್ಲುತ್ತಿದ್ದವನೂ ಅವನೇ ಆದ್ದರಿಂದ ಗೆದ್ದವರು ಕೆಟಲನ್ನು ಇನ್ನೊಬ್ಬರಿಗೆ ಹಸ್ತಾಂತರಿಸುವುದು ಹೇಗೆ ಎಂಬ ಬಗ್ಗೆ ಮಾತ್ರ ನಿಯಮ ಇರಲಿಲ್ಲ. ಹೋದ ಮಾರ್ಚಿನಲ್ಲಿ ಅವನು ಅದನ್ನು ಹಳೆಯ ದಿನಪತ್ರಿಕೆಯಲ್ಲಿ ಸುತ್ತಿ, ರಸೆಲ್‌ನ ಮುಖ ನೋಡದೆ ಮೇಜಿನ ಮೇಲಿಟ್ಟು, ಮನೆಗೆ ಬಂದು ಮಲಗಿದ.

ಸೆಡ್ರಿಕ್ ದುಡಿದದ್ದು ಹಡಗುಕಟ್ಟೆಯಲ್ಲಿ. ನೀರಿನಡಿ ಓಡುವ ಹಡಗುಗಳ ಹೊಟ್ಟೆಯೊಳಗೆ ತೂರಿಕೊಂಡು ತಂತಿ ಎಳೆಯುವ ಕೆಲಸ. ನಿವೃತ್ತಿಯಾದ ಮೇಲೆ ಅವನು ತನ್ನ ಬುದ್ಧಿಯನ್ನೆಲ್ಲ ಕರೆಂಟ್ ಬಿಲ್ಲಿನ ಮೇಲೆ ಬಿಟ್ಟ. ಇಲ್ಲಿ ಯಾವ ಮನೆಯವರು ಬೇಕಾದರೂ ಕರೆಂಟ್ ಕಂಪನಿಯನ್ನು ಬದಲಾಯಿಸಬಹುದು. ಅದೇ ತಂತಿ, ಅದೇ ಮೀಟರು, ಬರುವ ಕರೆಂಟೂ ಅದೇ. ಬದಲಾಗುವುದು ಬಿಲ್ಲಿನ ಮೇಲಿನ ಹೆಸರು ಮತ್ತು ದರ ಮಾತ್ರ. ಆದರೂ ಜನ ಮನೆಯನ್ನೇ ಬದಲಾಯಿಸಬೇಕೇನೋ ಎಂಬಂತೆ ಹೆದರಿ, ಸಿಕ್ಕ ಕಂಪನಿಗೆ ಜೋತುಬಿದ್ದು, ಕೇಳಿದಷ್ಟು ಕೊಟ್ಟು ಗೊಣಗುತ್ತಾರೆ. ಸೆಡ್ರಿಕ್ ಹಾಗಲ್ಲ. ಒಂದು ಕಂಪನಿಗೆ ಅವರು ಕೊಡುತ್ತಿದ್ದ ಟೋಸ್ಟರಿಗಾಗಿ ಸೇರಿದ, ಇನ್ನೊಂದಕ್ಕೆ ಸಿನಿಮಾ ಟಿಕೆಟ್ಟಿಗಾಗಿ. ಹೊಸ ಗಿರಾಕಿಗೆ ಕೊಡುವ ರಿಯಾಯಿತಿ ಮುಗಿದ ದಿನವೇ ಬಿಟ್ಟು ಹೊರಟ. ಅಡುಗೆಗೆ ಬಳಸಿದರೂ ಬಿಟ್ಟರೂ ದಿನಬಾಡಿಗೆ ಕೇಳುತ್ತಾರೆಂಬ ಸಿಟ್ಟಿಗೆ ಮನೆಯ ಗ್ಯಾಸ್ ಪೈಪನ್ನೇ ಕೀಳಿಸಿ ಹಾಕಿದ. ಒಮ್ಮೆ ಒಂದು ಕಂಪನಿ ದಿವಾಳಿಯೆದ್ದಾಗ ಅವನು ಹಿಂದಿನ ವಾರವಷ್ಟೇ ಅದನ್ನು ಬಿಟ್ಟಿದ್ದ. ಅದು ಬರೀ ಅದೃಷ್ಟ ಎಂದು ಅವನಿಗೆ ಗೊತ್ತಿತ್ತು, ಬೀದಿಗೆ ಗೊತ್ತಿರಲಿಲ್ಲ, ಅವನು ಹೇಳಲೂ ಹೋಗಲಿಲ್ಲ.

ಶನಿವಾರ ಬೆಳಿಗ್ಗೆ ಕ್ಲಬ್ಬಿನ ಮೂಲೆಯ ಮೇಜು ಅವನದು. ಹೆಂಗಸರು ಕೈಚೀಲದಲ್ಲಿ ಬಿಲ್ಲು ಇಟ್ಟುಕೊಂಡು ಸಾಲಾಗಿ ಕೂರುತ್ತಿದ್ದರು.

"ಸೆಡ್ರಿಕ್, ಇವರ ಹತ್ರಾನೇ ಇರ್ಲೋ, ಬಿಟ್ಬಿಡ್ಲೋ?"

"ಬಿಟ್ಬಿಡು. ಪ್ರೀತಿಯಿಂದ ಮಾತಾಡ್ತಾರೆ, ಆದ್ರೆ ಏಪ್ರಿಲ್ ಬಂದ್ರೆ ಚರ್ಮ ಸುಲೀತಾರೆ."

ಹೊರಗಿನವರು ಕೇಳಿದ್ದರೆ ಗಂಡನ ವಿಷಯ ಎಂದುಕೊಳ್ಳಬೇಕು. ಸಾಲಿನಲ್ಲಿ ಯಾವಾಗಲೂ ಮೊದಲು ಇರುತ್ತಿದ್ದವಳು ಪಕ್ಕದ ಮನೆಯ ಡೋರೀನ್. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಬೇಕರಿಯಲ್ಲಿ ಕೆಲಸ ಮಾಡಿದ್ದವಳು, ಮಾಂಸ ಮತ್ತು ಆಲೂಗಡ್ಡೆಯ ಪೈ ಮಾಡುವುದರಲ್ಲಿ ಎತ್ತಿದ ಕೈ. ಅವಳ ಬಿಲ್ಲಿನಲ್ಲಿ ಸರಿಪಡಿಸುವಂಥದ್ದು ಏನೂ ಉಳಿದಿರಲಿಲ್ಲ. ಅವನೂ ಅದನ್ನು ಹೇಳುತ್ತಿರಲಿಲ್ಲ. ಅವಳ ಬಿಲ್ಲನ್ನು ಬೆಳಕಿಗೆ ಹಿಡಿದು, ಹುಬ್ಬು ಗಂಟಿಕ್ಕಿ, ಬೇಕೆಂದೇ ಹೊತ್ತು ಕಳೆಯುತ್ತಿದ್ದ. ಸೆಡ್ರಿಕ್‌ಗೆ ಡೋರೀನ್ ಎಂದರೆ ಪ್ರೀತಿ. ಅದನ್ನು ಅವನು ಅವಳ ದರ ಇಳಿಸುವ ಮೂಲಕವಲ್ಲದೆ ಬೇರೆ ಯಾವ ರೀತಿಯಲ್ಲೂ ತೋರಿಸಿದವನಲ್ಲ.

ಆಮೇಲೆ ಕೆಟ್ಟ ಕಾಲ ಬಂತು. ಎಲ್ಲೋ ಯುದ್ಧ ಶುರುವಾಗಿ, ದರ ಏರಿ, ಸಣ್ಣ ಕಂಪನಿಗಳೆಲ್ಲ ಒಂದರ ಹಿಂದೆ ಒಂದು ಮುಳುಗಿದವು. ಉಳಿದ ಕಂಪನಿಗಳೆಲ್ಲ ಸರಕಾರ ಹಾಕಿದ ಮಿತಿಗೆ ತಲೆ ತಾಗಿಸಿಕೊಂಡು ಒಂದೇ ದರಕ್ಕೆ ನಿಂತವು. ಇಲ್ಲಿಂದ ಅಲ್ಲಿಗೆ ಜಿಗಿದರೆ ಪೈಸೆ ಲಾಭವಿಲ್ಲ. ಮೂಲೆಯ ಮೇಜು ಖಾಲಿಯಾಯಿತು. ಅದೇ ಹೊತ್ತಿಗೆ ರಸೆಲ್ ಪಿಕ್ಟಾಲ್ ಬೀದಿಯ ಕೊನೆಯ ಮನೆಯನ್ನು ಕೊಂಡು, ಮಾಡಿನ ತುಂಬ ಸೋಲಾರ್ ಹಲಗೆ ಹಾಸಿ, ನೆಲಮಾಳಿಗೆಯಲ್ಲಿ ಬೀರುವಿನಷ್ಟು ದೊಡ್ಡ ಬ್ಯಾಟರಿ ಇಟ್ಟ. ವಿಮೆ ಕಂಪನಿಯಲ್ಲಿದ್ದು ನಿವೃತ್ತನಾದ ಮನುಷ್ಯ. ಎತ್ತರದ ಆಳು, ಮಾತು ಮೆದು.

"ಕಂಪನಿ ಬದಲಾಯಿಸೋದೆಲ್ಲ ಹಳೇ ಕಾಲದ್ದಾಯ್ತು ಸೆಡ್ರಿಕ್," ಎಂದ ಅವನು ಮೊದಲ ಭೇಟಿಯಲ್ಲೇ. "ಈಗೇನಿದ್ರೂ ಸೂರ್ಯನ್ನೇ ತಂದು ಮನೇಲಿ ಕಟ್ಟಿ ಹಾಕ್ಕೋಬೇಕು."

"ಬ್ಯಾರೋದಲ್ಲಾ? ಮೊದ್ಲು ಮೋಡದಿಂದಾಚೆ ಬರ್ಲಿ, ಆಮೇಲೆ ಹಿಡಿ."

ಎಲ್ಲರೂ ನಕ್ಕರು. ಆದರೆ ರಸೆಲ್ ಸೂರ್ಯನನ್ನು ಹಿಡಿದ, ಕೆಟಲನ್ನೂ ಹಿಡಿದ. ಸೋಲಾರ್ ಕರೆಂಟು ಲೆಕ್ಕಕ್ಕೆ ಬರಬೇಕೆಂದು ಸೆಡ್ರಿಕ್ ತಗಾದೆ ತೆಗೆದಾಗ ರಸೆಲ್ ಬಹಳ ವಿನಯದಿಂದ ಸ್ಪರ್ಧೆಯ ಮೊದಲ ನಿಯಮವನ್ನು ನೆನಪಿಸಿದ. ಮೀಟರಿನಲ್ಲಿ ಓಡಿದ್ದಷ್ಟೇ ಲೆಕ್ಕ. ನಿಯಮ ಸೆಡ್ರಿಕ್‌ನದೇ. ಅವನು ಅದನ್ನೂ ನುಂಗಿಕೊಳ್ಳುತ್ತಿದ್ದನೇನೋ. ಆದರೆ ಮುಂದಿನ ಶನಿವಾರ ಡೋರೀನ್ ಕ್ಲಬ್ಬಿಗೆ ಬಂದವಳು ಮೂಲೆಯ ಮೇಜಿನತ್ತ ಕೈ ಬೀಸಿ, ಸೀದಾ ಹೋಗಿ ರಸೆಲ್‌ನ ಎದುರು ಕುಳಿತು, ಕೈಚೀಲದಿಂದ ತನ್ನ ಬಿಲ್ಲನ್ನು ತೆಗೆದಳು. ರಸೆಲ್ ಅದನ್ನು ಬೆಳಕಿಗೆ ಹಿಡಿದ. ಸೆಡ್ರಿಕ್‌ಗೆ ಹೊಟ್ಟೆಯೊಳಗೆ ಬೆಂಕಿ ಬಿದ್ದ ಹಾಗಾಯಿತು. ಆ ಬೆಂಕಿಯಲ್ಲೇ ಯೋಚನೆ ಬೆಂದು ಹದವಾಯಿತು. ಮೀಟರಿನಲ್ಲಿ ಓಡಿದ್ದಷ್ಟೇ ಲೆಕ್ಕ ಎಂದಮೇಲೆ ಮೀಟರಿನಲ್ಲಿ ಓಡದ್ದು ಇಲ್ಲವೇ ಇಲ್ಲ.

ಅವನು ಆತುರಪಡಲಿಲ್ಲ. ಬೇಸಿಗೆಯಿಡೀ ಯೋಚಿಸಿದ. ಆ ನಡುವೆ ಅವನಿಗೆ ಒಂದು ಸಣ್ಣ ಗೆಲುವೂ ಸಿಕ್ಕಿತು. ಊರೆದುರಿನ ಸಮುದ್ರದಲ್ಲಿ ನಿಂತ ಗಾಳಿಯಂತ್ರಗಳಿಂದ ಕರೆಂಟ್ ಕೊಳ್ಳುವ ಹೊಸ ಕಂಪನಿಯೊಂದನ್ನು ಅವನೇ ಹುಡುಕಿ ತೆಗೆದು, ಬಾಗಿಲು ಬಾಗಿಲು ತಟ್ಟಿ, ಇಡೀ ಬೀದಿಯನ್ನು ಅದಕ್ಕೆ ಸೇರಿಸಿದ. ಜನ ಅದನ್ನು ಗಾಳಿ ಕಂಪನಿ ಎಂದು ಕರೆದರು. ಗಾಳಿ ಮಿತಿಮೀರಿ ಬೀಸಿ ಕರೆಂಟು ಹೆಚ್ಚಾದಾಗ ಒಂದೆರಡು ಗಂಟೆ ಪುಕ್ಕಟೆ ಬಳಸಿಕೊಳ್ಳಿ ಎನ್ನುವುದು ಅದರ ಪದ್ಧತಿ. ಗಾಳಿಗೇನು ಬರ ಈ ಊರಲ್ಲಿ. ರಸೆಲ್ ಕೂಡ ಸೇರಿದ. ಮೇಜಿಗೆ ಮತ್ತೆ ಸ್ವಲ್ಪ ಕಳೆ ಬಂತು. ಆದರೆ ಕೆಟಲ್ ರಸೆಲ್‌ನ ಕಿಟಕಿಯ ಕಟ್ಟೆಯ ಮೇಲೆ, ಹೋಗಿಬರುವವರಿಗೆಲ್ಲ ಕಾಣುವಂತೆ ಹೊಳೆಯುತ್ತಿತ್ತು. ಡೋರೀನ್ ಅದಕ್ಕೆ ಹೊಳಪಿನ ಪುಡಿ ಕೊಟ್ಟಿದ್ದಳಂತೆ.

ನವೆಂಬರಿನಲ್ಲಿ ಸೆಡ್ರಿಕ್ ಕೆಲಸಕ್ಕೆ ಕೈ ಹಾಕಿದ. ಅವನು ಅದನ್ನು ಕಳ್ಳತನ ಎನ್ನಲಿಲ್ಲ, ತನ್ನೊಳಗೆ ಕೂಡ. ಹೊಂದಾಣಿಕೆ ಎಂದುಕೊಂಡ. ಸೂರ್ಯನ ಕರೆಂಟು ಮೀಟರಿಗೆ ತಿಳಿಯದಂತೆ ರಸೆಲ್‌ನ ಮನೆಗೆ ಬರುವುದಾದರೆ, ಬೀದಿಯ ಕರೆಂಟು ಮೀಟರಿಗೆ ತಿಳಿಯದಂತೆ ತನ್ನ ಮನೆಗೆ ಯಾಕೆ ಬರಬಾರದು? ವಾದ ಅವನಿಗೆ ಬಹಳ ನ್ಯಾಯವಾಗಿ ಕಂಡಿತು. ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ, ಇಸ್ತ್ರಿ ಹಲಗೆಯ ಹಿಂದೆ, ಮೀಟರನ್ನು ಮಾತನಾಡಿಸದೆ ಬಗಲಿನಿಂದ ಹಾದುಹೋಗುವ ದಾರಿಯೊಂದನ್ನು ಮಾಡಿಕೊಂಡ. ನೀರಿನಡಿಯ ಹಡಗಿನಲ್ಲಿ ಕೆಲಸ ಮಾಡಿದ ಕೈ. ತಂತಿ ಎಲ್ಲಿ ಹೊಕ್ಕಿತು, ಎಲ್ಲಿ ಹೊರಬಂತು ಎಂದು ಅವನಿಗೇ ಹುಡುಕಬೇಕಾಗುವಷ್ಟು ಅಚ್ಚುಕಟ್ಟಾಗಿತ್ತು.

ಕರೆಂಟ್ ಕಳ್ಳರು ಸಿಕ್ಕಿಬೀಳುವುದು ದುರಾಸೆಯಿಂದ. ಮೀಟರನ್ನು ಪೂರ್ತಿ ನಿಲ್ಲಿಸುತ್ತಾರೆ, ಕಂಪನಿಯ ಕಂಪ್ಯೂಟರು ಎಚ್ಚರವಾಗುತ್ತದೆ, ಮಾರನೆಯ ವಾರ ಬಾಗಿಲಲ್ಲಿ ಇನ್ಸ್‌ಪೆಕ್ಟರು. ಸೆಡ್ರಿಕ್ ಅಂಥ ಪೆದ್ದನಲ್ಲ. ಅವನು ಮನೆಯನ್ನು ಎರಡು ಪಾಲು ಮಾಡಿದ. ಫ್ರಿಜ್ಜು, ಚಹದ ನೀರು, ಟಿವಿ, ದೀಪಗಳು, ಬೀದಿಗೆ ಕಾಣುವ ಮುಂದಿನ ಕೋಣೆ ಎಲ್ಲ ಪ್ರಾಮಾಣಿಕ ಪಾಲಿಗೆ. ಒವನ್ನು, ಸ್ನಾನದ ಬಿಸಿನೀರು, ಹಿಂದಿನ ಕೋಣೆಯ ಮತ್ತು ಬಚ್ಚಲಿನ ಹೀಟರುಗಳು ಇನ್ನೊಂದು ಪಾಲಿಗೆ. ಮೀಟರು ಹೋದ ವರ್ಷಕ್ಕಿಂತ ಸ್ವಲ್ಪ, ಬಹಳ ಸ್ವಲ್ಪವೇ ಕಡಿಮೆ ಓಡಬೇಕು. ಜಿಪುಣ ಮುದುಕನೊಬ್ಬ ಇನ್ನಷ್ಟು ಜಿಪುಣನಾದ ಎಂದು ಕಂಪನಿ ತಿಳಿಯಬೇಕು, ಅಷ್ಟೇ. ಮೀಟರು ಎಷ್ಟು ತೋರಿಸುತ್ತಿದೆಯೆಂದು ದಿನವೂ ನೋಡಿ, ತೀರಾ ಇಳಿದಿದ್ದರೆ ಟಿವಿಯನ್ನು ಸುಮ್ಮನೆ ಹಾಕಿ ಕೂರುತ್ತಿದ್ದ. ಹಿತ್ತಿಲ ಬಾಗಿಲಿಗೆ ಇಟ್ಟಿಗೆ ಅಡ್ಡ ಇಟ್ಟ. ಮುಂಬಾಗಿಲಿಗೆ ಒಳಗಿನಿಂದ ಹೊಸ ಚಿಲಕ ಹಾಕಿಸಿದ. ಬಂದವರನ್ನು ಮುಂದಿನ ಕೋಣೆ ದಾಟಲು ಬಿಡುತ್ತಿರಲಿಲ್ಲ.

ಜನವರಿಯಲ್ಲಿ ಕಂಪನಿಯಿಂದ ಫೋನು ಬಂತು. ಸೆಡ್ರಿಕ್ ಆಗ ಹಿಂದಿನ ಕೋಣೆಯಲ್ಲಿ ಹೀಟರಿನ ಮುಂದೆ ಬನಿಯನ್ನಿನಲ್ಲಿ ಕೂತು ಐಸ್‌ಕ್ರೀಂ ತಿನ್ನುತ್ತಿದ್ದ.

"ಮಿಸ್ಟರ್ ಫೆಲ್, ನಿಮ್ಮ ಕರೆಂಟ್ ಕಂಪನಿಯಿಂದ ಮಾತಾಡ್ತಿದೀನಿ ಸರ್," ಎಂದಳು ಚಿಕ್ಕ ವಯಸ್ಸಿನ ಹುಡುಗಿ. "ನಿಮ್ಮ ಬಳಕೆ ನೋಡ್ದೆ. ತುಂಬಾ ಕಡಿಮೆ ಇದೆ."

ಸೆಡ್ರಿಕ್ ಚಮಚ ಕೆಳಗಿಟ್ಟ. "ಕಡಿಮೆ ಇದ್ರೆ?"

"ಏನಿಲ್ಲ ಸರ್, ಬೆಚ್ಚಗಿದೀರಾ ಅಂತ ಕೇಳೋಕೆ. ವಯಸ್ಸಾದೋರು ಬಿಲ್ಲಿಗೆ ಹೆದರ್ಕೊಂಡು ಹೀಟರೇ ಹಾಕಲ್ಲ. ಬಿಸಿ ಊಟ ಆಗ್ತಿದೆಯಾ?"

"ನಾನು ಹೆದರೋ ಜನ ಅಲ್ಲಮ್ಮ. ಎರಡು ಸ್ವೆಟರ್ ಹಾಕ್ಕೊಂಡು ಕೂತಿದೀನಿ."

"ಅಯ್ಯೋ ಪಾಪ," ಎಂದಳು ಹುಡುಗಿ, ಮನಸಾರೆ. ನಾಲ್ಕು ದಿನದಲ್ಲಿ ಅಂಚೆಯಲ್ಲಿ ಒಂದು ಉಣ್ಣೆಯ ಕಂಬಳಿ ಬಂತು. ಕಂಪನಿ ತನ್ನ ಕಳ್ಳನಿಗೆ ತಾನೇ ಹೊದಿಕೆ ಕಳಿಸಿತ್ತು. ಸೆಡ್ರಿಕ್ ಬೇಡವೆನ್ನಲಿಲ್ಲ. ಪುಕ್ಕಟೆ ಬಂದದ್ದನ್ನು ಅವನು ಜನ್ಮದಲ್ಲಿ ಬೇಡವೆಂದವನಲ್ಲ. ಕಂಬಳಿಯನ್ನು ಮುಂದಿನ ಕೋಣೆಯ ಕುರ್ಚಿಯ ಮೇಲೆ ಎಲ್ಲರಿಗೂ ಕಾಣುವಂತೆ ಹರಡಿದ.

ನಿಜವಾದ ತೊಂದರೆ ಆ ಮುಂದಿನ ಕೋಣೆಯದು. ಅದನ್ನು ತಣ್ಣಗಿಡಲೇಬೇಕಿತ್ತು. ಯಾರಾದರೂ ಬಂದರೆ ಅವನು ಹಿಂದಿನಿಂದ ಬೆವರುತ್ತ ಎದ್ದು, ಸ್ವೆಟರಿನ ಮೇಲೆ ಸ್ವೆಟರು ಹಾಕಿ, ಟೋಪಿ ಸಿಕ್ಕಿಸಿಕೊಂಡು ಬಂದು, ಆ ಮಂಜಿನ ಗುಹೆಯಲ್ಲಿ ಕೂತು ಹಲ್ಲು ಕಟಕಟಿಸಬೇಕು. ಹೆಚ್ಚಾಗಿ ಬರುತ್ತಿದ್ದವಳು ಡೋರೀನ್. ಬಟಾಣಿ ಮತ್ತು ಹಂದಿಮಾಂಸದ ಸೂಪನ್ನು ಪಾತ್ರೆಯಲ್ಲಿ ತುಂಬಿ, ಮೇಲೆ ಟವೆಲು ಸುತ್ತಿ ತರುತ್ತಿದ್ದಳು.

"ಈ ಮನೆ ಹೆಣದ ಕೋಣೆ ಆಗಿದೆ ಕಣೋ," ಎಂದಳು ಒಂದು ಸಂಜೆ, ಉಸಿರು ಬಿಟ್ಟರೆ ಹೊಗೆ ಬರುತ್ತಿತ್ತು. "ಆ ತೂತು ಕೆಟಲ್‌ಗೋಸ್ಕರ ಪ್ರಾಣ ಬಿಡ್ತೀಯಾ?"

"ತೂತು ಇಲ್ಲ. ಮೂತಿ ಸೊಟ್ಟ ಅಷ್ಟೇ."

"ಕೈ ಕೊಡಿಲ್ಲಿ." ಅವಳು ಅವನ ಕೈ ಹಿಡಿದಳು. ಹಿಡಿದವಳು ಹಾಗೇ ಅವನ ಮುಖ ನೋಡಿದಳು. "ಇದೇನೋ, ಇಷ್ಟೊಂದು ಬೆಚ್ಚಗಿದೆ?"

ಸೆಡ್ರಿಕ್ ಕೈ ಎಳೆದುಕೊಂಡ. "ಸೂಪಿನ ಪಾತ್ರೆ ಹಿಡ್ಕೊಂಡಿದ್ನಲ್ಲ."

"ಜ್ವರ ಇರ್ಬೇಕು ನಿಂಗೆ. ನೋಡು, ಸಂಜೆ ಹೊತ್ತು ನಮ್ಮನೇಗೆ ಬಂದು ಕೂತ್ಕೋ. ನಾನೊಬ್ಳೇ ಇರ್ತೀನಿ, ಹೀಟರ್ ಹೆಂಗೂ ಉರೀತಿರುತ್ತೆ. ಇಬ್ರಾದ್ರೆ ಏನು ಜಾಸ್ತಿ ಉರಿಯುತ್ತಾ?"

ಈ ಮಾತನ್ನು ಕೇಳಲು ಅವನು ಎಷ್ಟು ವರ್ಷ ಅವಳ ಬಿಲ್ಲನ್ನು ಬೆಳಕಿಗೆ ಹಿಡಿದಿದ್ದ. ಆದರೆ ಬೇರೆಯವರ ಹೀಟರಿನ ಮುಂದೆ ಕೂತು ತನ್ನ ಯೂನಿಟ್ ಉಳಿಸುವುದು ಸ್ಪರ್ಧೆಯ ನಿಯಮಕ್ಕೆ ವಿರುದ್ಧ. ಅದೂ ಅವನೇ ಮಾಡಿದ ನಿಯಮ. ಬೀದಿಯ ಕರೆಂಟನ್ನು ರಾಜಾರೋಷವಾಗಿ ಕದಿಯುತ್ತಿದ್ದ ಮನುಷ್ಯನಿಗೆ ಆ ನಿಯಮ ಮುರಿಯಲು ಮನಸ್ಸು ಬರಲಿಲ್ಲ.

"ಹಾಗೆಲ್ಲ ಮಾಡಿದ್ರೆ ಮೋಸ ಆಗುತ್ತೆ ಡೋರೀನ್," ಎಂದ.

ಅವಳು ಅವನನ್ನು ಮೆಚ್ಚುಗೆಯಿಂದ ನೋಡಿದಳು. "ನಿನ್ನಂಥ ಮನುಷ್ಯ ಈಗ ಎಲ್ಲಿ ಸಿಗ್ತಾನೆ," ಎಂದು ಟವೆಲು ಮಡಚಿಕೊಂಡು ಎದ್ದಳು. ಅವಳು ಹೋದ ಮೇಲೆ ಅವನು ಹಿಂದಿನ ಕೋಣೆಯ ಸೆಖೆಗೆ ಹೋಗದೆ ಬಹಳ ಹೊತ್ತು ಚಳಿಯಲ್ಲೇ ಕೂತ. ನಾಚಿಕೆಯಾಯಿತೇ ಎಂದರೆ, ಸ್ವಲ್ಪ ಆಯಿತು. ಆದರೆ ನಾಚಿಕೆಗಿಂತ ಸಂತೋಷವೇ ಹೆಚ್ಚು. ಅವಳು ಈಗ ದಿನವೂ ಬರುತ್ತಿದ್ದಳು. ರಸೆಲ್‌ನ ಮನೆ ಬೆಚ್ಚಗಿತ್ತು, ಬ್ಯಾಟರಿ ತುಂಬಿತ್ತು, ಅವನಿಗೆ ಸೂಪು ಒಯ್ಯಬೇಕೆಂದು ಯಾರಿಗೂ ಅನ್ನಿಸುತ್ತಿರಲಿಲ್ಲ. ಕೆಟಲಿಗಾಗಿ ಶುರುಮಾಡಿದ ಹೊಂದಾಣಿಕೆ ಬೇರೆಯೇ ಫಲ ಕೊಡುತ್ತಿತ್ತು. ಕೆಟಲನ್ನೂ ಗೆದ್ದು, ಮಾರ್ಚ್ ತಿಂಗಳಲ್ಲಿ ತಂತಿ ಕಿತ್ತು ಹಾಕಿ, ನಿಯಮ ಅಡ್ಡಬರದ ಕಾಲದಲ್ಲಿ ಅವಳ ಹೀಟರಿನ ಮುಂದೆ ಹೋಗಿ ಕೂರುವುದು. ಅವನ ಯೋಜನೆ ಈಗ ಅಲ್ಲಿಗೆ ಬಂದು ನಿಂತಿತು.

ಫೆಬ್ರವರಿಯ ಕೊನೆಯ ವಾರಕ್ಕೆ ಕ್ಲಬ್ಬಿನ ಕರಿಹಲಗೆಯ ಮೇಲೆ ಉಳಿದದ್ದು ಎರಡೇ ಹೆಸರು. ಸೆಡ್ರಿಕ್ ಮುಂದೆ, ರಸೆಲ್ ಒಂದು ಬೆರಳಿನಷ್ಟು ಹಿಂದೆ. ಸೆಡ್ರಿಕ್ ಬೇಕೆಂದೇ ಅಂತರವನ್ನು ಅಷ್ಟಕ್ಕೇ ಇಟ್ಟಿದ್ದ. ಆದರೆ ಆ ವಾರ ಹಗಲು ಬಿಸಿಲು ಬಿತ್ತು, ರಸೆಲ್‌ನ ಹಲಗೆಗಳು ಹೊಳೆದವು, ಅಂತರ ಇನ್ನೂ ಕಿರಿದಾಯಿತು. ಕದಿಯುವುದನ್ನು ಹೆಚ್ಚಿಸಿದರೆ ಅನುಮಾನ, ಹೆಚ್ಚಿಸದಿದ್ದರೆ ಸೋಲು. ಸೆಡ್ರಿಕ್ ಎರಡು ದಿನ ಒದ್ದಾಡಿದ. ಆಗ ಹಿಲ್ಡಾ ಬಂದಳು.

ಹಿಲ್ಡಾ ಎಂದರೆ ಬಿರುಗಾಳಿ. ಹವಾಮಾನದವರು ಹೆಸರಿಟ್ಟು, ಭಾನುವಾರ ಮಧ್ಯಾಹ್ನದ ಮೇಲೆ ದಡಕ್ಕೆ ಅಪ್ಪಳಿಸುತ್ತದೆ ಎಂದರು. ಶನಿವಾರ ಬೆಳಿಗ್ಗೆ ಕ್ಲಬ್ಬಿನಲ್ಲಿದ್ದವರ ಫೋನುಗಳೆಲ್ಲ ಒಟ್ಟಿಗೆ ಸದ್ದು ಮಾಡಿದವು. ಗಾಳಿ ಕಂಪನಿಯ ಸಂದೇಶ. ಭಾನುವಾರ ಸಂಜೆ ನಾಲ್ಕರಿಂದ ಆರರವರೆಗೆ ಕರೆಂಟು ಪುಕ್ಕಟೆ, ಎಷ್ಟಾದರೂ ಉರಿಸಿ. ಆ ಚಳಿಗಾಲದಲ್ಲಿ ಅದೇ ಮೊದಲ ಸಲ. ಕ್ಲಬ್ಬಿನಲ್ಲಿ ಮದುವೆ ಮನೆಯ ಗದ್ದಲ ಎದ್ದಿತು. ಯಾರು ಏನು ಬೇಯಿಸಬೇಕು, ಯಾವ ಹೊದಿಕೆ ಒಗೆಯಬೇಕು, ಯಾವುದನ್ನು ಮೊದಲು ಹಾಕಬೇಕು ಎಂದು ಕೇಳಿಕೊಂಡು ಸೆಡ್ರಿಕ್‌ನ ಮೇಜಿನ ಸುತ್ತ ಜನ ಮುತ್ತಿಕೊಂಡರು. ಅವನು ಹಳೆಯ ದರ್ಪದಿಂದ ಒಬ್ಬೊಬ್ಬರಿಗೂ ಹೇಳಿದ.

"ಮೊದ್ಲು ನೀರು ಕಾಯೋಕೆ ಹಾಕು. ಆಮೇಲೆ ಒವನ್. ಬಟ್ಟೆ ಒಣಗ್ಸೋ ಮಷೀನು ಕೊನೇಗೆ. ಎಲ್ಲಾ ಒಟ್ಟಿಗೆ ಹಾಕಿ ಫ್ಯೂಸ್ ಹಾರಿಸ್ಕೊಂಡು ನನ್ನ ಹತ್ರ ಅಳ್ತಾ ಬರ್ಬೇಡ."

"ಪುಕ್ಕಟೆ ಯೂನಿಟ್ಟು ಕೆಟಲ್ ಲೆಕ್ಕಕ್ಕೆ ಬರುತ್ತಾ?" ಎಂದು ಯಾರೋ ಕೇಳಿದರು.

"ಮೀಟರಲ್ಲಿ ಓಡಿದ್ದೆಲ್ಲಾ ಲೆಕ್ಕ," ಎಂದ ಸೆಡ್ರಿಕ್, ರಸೆಲ್‌ನ ಕಡೆ ನೋಡುತ್ತ.

ರಸೆಲ್ ನಕ್ಕ. "ಹಂಗಾದ್ರೆ ಕೆಟಲ್ ನೀನೇ ಇಟ್ಕೊಳ್ಳಪ್ಪ. ಪುಕ್ಕಟೆ ಕೊಟ್ಟಾಗ ಬಿಟ್ಟು ಕೂರೋಕೆ ನಂಗೇನು ತಲೆ ಕೆಟ್ಟಿದೆಯಾ? ಬ್ಯಾಟರಿ ಪೂರ್ತಿ ತುಂಬಿಸ್ಕೋತೀನಿ."

ಆ ಸಂಜೆ ಸೆಡ್ರಿಕ್ ಏನು ಉರಿಸುತ್ತಾನೆಂದು ಮಾತ್ರ ಯಾರೂ ಕೇಳಲಿಲ್ಲ. ಅವನು ಮನೆಗೆ ಸಿಳ್ಳೆ ಹಾಕಿಕೊಂಡು ಹೋದ. ಭಾನುವಾರ ಸಂಜೆ ಬೀದಿಯ ಪ್ರತಿ ಮೀಟರೂ ಹುಚ್ಚು ಹಿಡಿದು ಓಡುತ್ತದೆ, ತನ್ನದೊಂದು ಬಿಟ್ಟು. ಎರಡೇ ಗಂಟೆಯಲ್ಲಿ ರಸೆಲ್ ಮತ್ತೆ ಮೇಲೇಳದಷ್ಟು ಹಿಂದೆ ಬೀಳುತ್ತಾನೆ. ತಾನು ಹೆಚ್ಚು ಕದಿಯಬೇಕಾಗಿಲ್ಲ, ಸುಮ್ಮನಿದ್ದರೆ ಸಾಕು. ಇಷ್ಟು ಸುಲಭದ ಗೆಲುವು ಅವನಿಗೆ ಹಿಂದೆಂದೂ ಸಿಕ್ಕಿರಲಿಲ್ಲ.

ಭಾನುವಾರ ಮೂರೂವರೆಗೇ ಮೋಡ ಕವಿದು ಕತ್ತಲಾಯಿತು. ಗಾಳಿ ಸಮುದ್ರದಿಂದ ಬೀದಿಯೊಳಗೆ ನುಗ್ಗಿ ಕಸದ ಡಬ್ಬಿಗಳನ್ನು ಉರುಳಿಸಿಕೊಂಡು ಹೋಯಿತು. ನಾಲ್ಕು ಹೊಡೆಯಿತು. ಒಂದೊಂದೇ ಮನೆಯ ಕಿಟಕಿಗಳು ಬೆಳಗಿದವು, ಮೇಲಿನ ಕೋಣೆ, ಕೆಳಗಿನ ಕೋಣೆ, ಮಾಡಿನೊಳಗಿನ ಕೋಣೆ ಎಲ್ಲ. ಯಾರೋ ಕ್ರಿಸ್ಮಸ್ಸಿನ ಬಣ್ಣದ ದೀಪಗಳನ್ನೂ ತೆಗೆದು ಹಾಕಿದ್ದರು. ಸೆಡ್ರಿಕ್ ಪರದೆಯ ಸಂದಿಯಿಂದ ಇದನ್ನೆಲ್ಲ ನೋಡಿ ಖುಷಿಪಟ್ಟ. ಆಮೇಲೆ ಚಿಲಕ ಭದ್ರಮಾಡಿ, ಪ್ರಾಮಾಣಿಕ ಪಾಲಿನ ದೀಪಗಳನ್ನು ಒಂದೂ ಬಿಡದೆ ಆರಿಸಿದ. ಟಿವಿ ಆರಿಸಿದ. ಚಹಕ್ಕೆ ನೀರು ಕೂಡ ಕಾಯಿಸಲಿಲ್ಲ. ಬ್ಯಾಟರಿಯ ಚಿಕ್ಕ ರೇಡಿಯೋ ಹಿಡಿದುಕೊಂಡು, ಟಾರ್ಚಿನ ಬೆಳಕಿನಲ್ಲಿ ಹಿಂದಕ್ಕೆ ನಡೆದ.

ಹಿಂದೆ ಇನ್ನೊಂದು ಪಾಲು ಅವನಿಗಾಗಿ ಕಾಯುತ್ತಿತ್ತು. ಗೆಲುವಿಗೆ ಮೊದಲೇ ಔತಣವೆಂದು ಕುರಿಯ ತೊಡೆಯನ್ನು ರೋಸ್‌ಮರಿ ಸೊಪ್ಪು ಸಿಕ್ಕಿಸಿ ಒವನ್ನಿಗೆ ತಳ್ಳಿದ. ಬಚ್ಚಲಿನಲ್ಲಿ ಟಬ್ಬಿನ ಅಂಚಿನ ತನಕ ಬಿಸಿನೀರು ತುಂಬಿಸಿದ. ಹೀಟರನ್ನು ಟಬ್ಬಿನ ಹತ್ತಿರಕ್ಕೇ ಎಳೆದುಕೊಂಡ. ಕಂಪನಿಯೇ ಪುಕ್ಕಟೆ ಕರೆಂಟು ಹಂಚುತ್ತಿರುವ ಹೊತ್ತಿನಲ್ಲಿ ಕರೆಂಟು ಕದಿಯುತ್ತ ಕೂತ ಮನುಷ್ಯ ಈ ದೇಶದಲ್ಲಿ ಅವನೊಬ್ಬನೇ ಇದ್ದಿರಬೇಕು. ಅದು ಅವನ ತಲೆಗೂ ಹೊಳೆಯಿತು. ಹೊಳೆದು, ತನ್ನ ಜಾಣತನಕ್ಕೆ ತಾನೇ ಬೆರಗಾದ. ಕಿವಿ ಕೇಳಿಸಲೆಂದು ಹಾಕಿಕೊಳ್ಳುತ್ತಿದ್ದ ಯಂತ್ರಗಳನ್ನು ತೆಗೆದು ಸಾಬೂನಿನ ತಟ್ಟೆಯಲ್ಲಿಟ್ಟು, ಕತ್ತಿನವರೆಗೆ ನೀರಿನಲ್ಲಿ ಇಳಿದು, ಕಣ್ಣು ಮುಚ್ಚಿ ಮತ್ತೊಮ್ಮೆ ಎಲ್ಲವನ್ನೂ ಪರೀಕ್ಷಿಸಿದ. ಕಂಪನಿಗೆ ಅನುಮಾನವಿಲ್ಲ, ಕಂಬಳಿ ಕಳಿಸಿದೆ. ತಂತಿ ಯಾರಿಗೂ ಕಾಣುವುದಿಲ್ಲ. ಬಾಗಿಲು ಭದ್ರವಾಗಿದೆ. ಮೀಟರಿನಲ್ಲಿ ಫ್ರಿಜ್ಜಿನ ಹೊರತು ಏನೂ ಇಲ್ಲ. ನೀರಿನ ಹಿತಕ್ಕೆ ತಲೆ ಎದೆಯ ಮೇಲೆ ವಾಲಿತು, ಅವನು ಹಾಗೆಯೇ ನಿದ್ದೆಹೋದ.

ಎಚ್ಚರವಾದದ್ದು ಬರಿ ಹೆಗಲ ಮೇಲೆ ತಣ್ಣನೆಯ ಗಾಳಿ ಬಿದ್ದಾಗ. ಬಚ್ಚಲಿನ ಬಾಗಿಲು ತೆರೆದಿತ್ತು. ಬಾಗಿಲಲ್ಲಿ ಅಗ್ನಿಶಾಮಕ ದಳದ ಇಬ್ಬರು ಟಾರ್ಚು ಹಿಡಿದು ನಿಂತಿದ್ದರು, ಅವರ ಹಿಂದೆ ಕೋಟಿನ ತುಂಬ ಗಾಜಿನ ಚೂರು ಅಂಟಿದ ರಸೆಲ್, ಅವನ ತೋಳಿನಡಿಯಿಂದ ಇಣುಕುತ್ತ ಡೋರೀನ್. ಎಲ್ಲರ ಬಾಯಿಗಳೂ ಆಡುತ್ತಿದ್ದವು. ಸೆಡ್ರಿಕ್ ಒಂದು ಕೈಯಲ್ಲಿ ಮಾನ ಮುಚ್ಚಿಕೊಂಡು ಇನ್ನೊಂದು ಕೈಯಲ್ಲಿ ತಡಕಾಡಿ ಕಿವಿಗೆ ಯಂತ್ರ ಸಿಕ್ಕಿಸಿದ.

"ಬದ್ಕಿದಾನೆ," ಎನ್ನುತ್ತಿದ್ದ ದಳದ ಹಿರಿಯ. "ಯಾರೂ ಮುಟ್ಬೇಡಿ, ನೀರಲ್ಲಿದಾನೆ, ಹೀಟರ್ ಪಕ್ಕದಲ್ಲೇ ಇದೆ. ಮೇನ್ ಸ್ವಿಚ್ ಆರಿಸಿದ್ರಾ?"

"ಒಳಗೆ ಬಂದ ತಕ್ಷಣ ಮೊದ್ಲು ಅದನ್ನೇ ಮಾಡಿದ್ದು," ಎಂದ ರಸೆಲ್.

"ಸರಿಯಾಗಿ ಆರಿಸಿದ್ರಾ?"

"ಫ್ರಿಜ್ಜೂ ನಿಂತೋಯ್ತು. ಇಡೀ ಮನೇಲಿ ಕರೆಂಟಿಲ್ಲ."

ಗಂಡಸರು ಮೂವರೂ ಹೀಟರಿನ ಕಡೆ ನೋಡಿದರು. ಅದು ಕೆಂಪಗೆ ನಿಗಿನಿಗಿ ಉರಿಯುತ್ತಿತ್ತು. ರಸೆಲ್ ಮೆಟ್ಟಿಲ ಕೆಳಗಿನ ಕಪಾಟಿಗೆ ಹೋಗಿ, ಸ್ವಿಚ್ಚನ್ನು ಒಮ್ಮೆ ಮೇಲೆ ಮಾಡಿ ಮತ್ತೆ ಕೆಳಗೆ ಮಾಡಿ ಬಂದ. ಹೀಟರು ಉರಿಯುತ್ತಲೇ ಇತ್ತು. ಪಕ್ಕದ ಅಡುಗೆಮನೆಯಿಂದ ಒವನ್ನು ಗಂಟೆ ಬಾರಿಸಿ, ಮಾಂಸ ಬೆಂದಿದೆ ಎಂದು ತಿಳಿಸಿತು. ಹಿರಿಯ ಟೋಪಿ ತೆಗೆದು ತಲೆ ಕೆರೆದುಕೊಂಡ. ವಿಮೆ ಕಂಪನಿಯಲ್ಲಿ ಆಯುಷ್ಯ ಕಳೆದ ರಸೆಲ್‌ಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಅವನು ತಿರುಗಿ ಕಪಾಟಿನ ಕಡೆ ನಡೆದ, ಇಸ್ತ್ರಿ ಹಲಗೆ ಸರಿಸಿದ ಸದ್ದು ಕೇಳಿಸಿತು.

ನೀರು ಆಗಲೇ ತಣ್ಣಗಾಗುತ್ತಿತ್ತು. ಎಲ್ಲಿ ತಪ್ಪಿದೆ ಎಂದು ಸೆಡ್ರಿಕ್ ಒಂದೊಂದನ್ನೂ ಮುಟ್ಟಿ ನೋಡಿದ. ಕಂಪನಿಯಲ್ಲ, ಇನ್ಸ್‌ಪೆಕ್ಟರಲ್ಲ, ತಂತಿಯೂ ಅಲ್ಲ, ಇವರು ಬಾಗಿಲ ಗಾಜು ಒಡೆಯುವ ತನಕ ಎಲ್ಲವೂ ಸರಿಯಾಗಿಯೇ ಇತ್ತು. "ಯಾರು ಕರೆಸಿದ್ದು ಇವರನ್ನ?" ಎಂದು ಕೇಳಿದ. ಡೋರೀನ್ ಟವೆಲಿನಿಂದ ಕಣ್ಣು ಒರೆಸಿಕೊಂಡಳು. ಅವಳಿನ್ನೂ ಹೀಟರನ್ನಾಗಲಿ ಕಪಾಟನ್ನಾಗಲಿ ನೋಡಿರಲಿಲ್ಲ, ಅವನನ್ನೇ ನೋಡುತ್ತಿದ್ದಳು. "ನಾನೇ ಕಣೋ. ಇನ್ನೇನು ಮಾಡ್ಲಿ? ಬೀದಿ ತುಂಬಾ ದೀಪ, ನಿನ್ನ ಮನೆ ಒಂದೇ ಕತ್ಲು. ಬಾಗ್ಲು ಬಡಿದೆ, ಕೂಗ್ದೆ, ಉತ್ರ ಇಲ್ಲ. ಕರೆಂಟ್ ಪುಕ್ಕಟೆ ಇರೋವಾಗ ಸೆಡ್ರಿಕ್ ಫೆಲ್ ಒಂದು ದೀಪಾನೂ ಹಾಕಿಲ್ಲ ಅಂದ್ರೆ, ಸತ್ತಿದಾನೆ ಅಂತ ತಾನೇ ಯಾರಾದ್ರೂ ಅಂದ್ಕೊಳ್ಳೋದು?"